ತಾಂಡೂರಿನ ನೀರಿನಲ್ಲಿ ಕರಗಿದ ಪುಡಿ

ಬಶೀರಾಬಾದ್ ಕಡೆಯ ಆ ಕುರಿದೊಡ್ಡಿಗೆ ನಾನು ಮೊದಲ ಸಲ ಹೋದ ದಿನ ಒಳಗೆ ಕುಸ್ತಿ ನಡೆದಿತ್ತು. ಐವತ್ತೈದು ದಾಟಿದ ಹೆಣ್ಣುಮಗಳೊಬ್ಬರು ಸೀರೆ ಮೇಲೆತ್ತಿ ಕಟ್ಟಿ, ಒಂದು ಟಗರನ್ನು ಎರಡು ಕಾಲುಗಳ ನಡುವೆ ಒತ್ತಿ ಹಿಡಿದಿದ್ದರು. ಅವರ ಸೊಸೆ ಅದರ ಬಾಯಿ ಅಗಲಿಸಿ ಜಂತುಹುಳದ ಔಷಧವನ್ನು ಪಿಚಕಾರಿಯಿಂದ ಬಿಡುತ್ತಿದ್ದಳು. ಅರ್ಧ ಟಗರಿನ ಹೊಟ್ಟೆಗೆ, ಅರ್ಧ ಸೊಸೆಯ ಮೈಮೇಲೆ. ಮೂಲೆಯಲ್ಲಿ ಇನ್ನೂ ಅರವತ್ತು ಕುರಿ, ಇಪ್ಪತ್ತು ಆಡು ತಮ್ಮ ಸರದಿಗೆ ಹೆದರಿ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು.

ಆ ಔಷಧ ನಮ್ಮದೇ. ಜಹೀರಾಬಾದಿನ ಹೊರಗೆ ಒಂದು ಸಣ್ಣ ಪಶು ಔಷಧ ಕಾರ್ಖಾನೆ. ಅಲ್ಲಿ ಯಾವ ಔಷಧವನ್ನು ಯಾವುದರ ಜತೆ, ಹೇಗೆ ಬೆರೆಸಬೇಕು ಎಂದು ಕಂಡುಹಿಡಿಯುವುದು ನನ್ನ ಕೆಲಸ. ಬಾಟಲಿಯ ತಳದಲ್ಲಿ ಔಷಧ ಗಟ್ಟಿಯಾಗಿ ಕೂರುತ್ತದೆ ಎಂದು ದೂರು ಬಂದಿದ್ದರಿಂದ ನೋಡಲು ಬಂದಿದ್ದೆ.

"ದೂರು ಬಾಟ್ಲಿದಲ್ಲ ಯವ್ವಾ," ಅಂದರು ಟಗರನ್ನು ಬಿಟ್ಟು ಬೆವರೊರೆಸಿಕೊಳ್ಳುತ್ತ. ಊರವರೆಲ್ಲ ಅವರನ್ನು ಅವ್ವ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. "ಹೋದ ಮಳಿಗಾಲದಾಗ ಹಿಂಗೇ ಕುಡಸಾಕ ಹೋಗಿ ಎರಡು ಕುರಿಗಿ ಔಷಧ ಪುಪ್ಪಸಕ್ಕ ಇಳೀತು. ಹುಳ ಕೊಲ್ಲಲಿಲ್ಲ, ನಾವೇ ಕೊಂದಂಗಾತು. ನೀರಾಗ ಕಲಸಿ ಇಟ್ರ ಅವೇ ಬಂದು ಕುಡೀತಾವಲ್ಲ? ಅಂಥಾದ್ದು ಯಾಕ ಮಾಡಂಗಿಲ್ಲ ನೀವು?"

"ಈ ಔಷಧ ನೀರಾಗ ಕರಗಂಗಿಲ್ರೀ ಅವ್ವ."

"ಕರಗಸ್ರಿ ಮತ್ತ," ಅಂದರು. ಬಾಗಿಲು ಹಾಕಿಕೊಂಡು ಹೋಗಿ ಅಂದಷ್ಟು ಸಲೀಸಾಗಿ.

ಅಲ್ಲಿಯೇ ಒಂದಿಷ್ಟು ಔಷಧವನ್ನು ದೋಣಿಯ ನೀರಿಗೆ ಸುರಿದು ತೋರಿಸಿದೆ. ತಾಂಡೂರಿನ ಪರಸಿ ಕಲ್ಲಿನ ಹಾಳೆಗಳನ್ನು ಜೋಡಿಸಿ ಮಾಡಿದ, ಕುರಿಗಳು ನೀರು ಕುಡಿಯುವ ದೋಣಿ ಅದು. ಸ್ವಲ್ಪ ಹೊತ್ತಿಗೆ ಔಷಧವೆಲ್ಲ ಸುಣ್ಣದಂತೆ ತಳ ಸೇರಿತು. ಮೊದಲು ಬಂದ ಕುರಿಗೆ ಬರೀ ನೀರು, ಕೊನೆಗೆ ಬಂದು ತಳ ನೆಕ್ಕಿದ್ದಕ್ಕೆ ಮೂರು ಪಟ್ಟು ಔಷಧ. ಅವ್ವ ಬಗ್ಗಿ ನೋಡಿದರು, ತಲೆ ಆಡಿಸಿದರು, ಆದರೆ ಮಾತು ವಾಪಸು ತೆಗೆದುಕೊಳ್ಳಲಿಲ್ಲ.

ಮರುದಿನ ನಮ್ಮ ಮಾಲೀಕರಿಗೆ ಇದನ್ನೆಲ್ಲ ಹೇಳಿದೆ. ಅವರು ನಾರಾಯಣಖೇಡದಲ್ಲಿ ದನದ ಔಷಧದ ಅಂಗಡಿ ಇಟ್ಟು ಅಲ್ಲಿಂದ ಕಾರ್ಖಾನೆಯವರೆಗೆ ಬಂದವರು. ರೈತರು ಅಂಗಡಿಯ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ ಮಾತು ಇನ್ನೂ ಅವರ ಕಿವಿಯಲ್ಲಿತ್ತು. "ಇದನ್ನ ನನಗ ಮೂವತ್ತು ವರ್ಷದಿಂದ ಕೇಳ್ಲಾಕತ್ಯಾರ ತಂಗಿ," ಅಂದರು. "ಎಷ್ಟು ದಿನ ಬೇಕು?"

"ಆರು ತಿಂಗಳು ಕೊಡ್ರಿ ಸರ್." ಗೊತ್ತಿಲ್ಲದವರ ಧೈರ್ಯ ಅದು.

ಆಲ್ಬೆಂಡಝೋಲ್ ಎಂಬ ಈ ಔಷಧ ಒಳ್ಳೆಯ ಸ್ವಭಾವದ್ದಲ್ಲ. ನೀರನ್ನು ಕಂಡರೆ ಆಗದು, ಹುಳಿಯನ್ನು ಕಂಡರೆ ಮಾತ್ರ ಸ್ವಲ್ಪ ಮೆತ್ತಗಾಗುತ್ತದೆ. ಹಾಗಾಗಿ ನಾನು ಹುಳಿಯ ದಾರಿ ಹಿಡಿದೆ. ನಿಂಬೆ ಹುಳಿಯ ಹರಳು, ಕರಗಿಸಲು ನೆರವಾಗುವ ಸಕ್ಕರೆಯಂಥ ಒಂದು ಪುಡಿ, ಇವೆರಡರ ಜತೆ ಔಷಧವನ್ನು ಸೇರಿಸಿ ಒಣಗಿಸಿದರೆ ನೀರಿಗೆ ಬಿದ್ದ ತಕ್ಷಣ ಕಾಣೆಯಾಗುವ ಬಿಳಿ ಪುಡಿ ಸಿಗುತ್ತಿತ್ತು. ಪ್ರಮಾಣ ಹೊಂದಿಸಲು ಐದು ತಿಂಗಳು ಹಿಡಿಯಿತು. ಒಂದು ಸಂಜೆ ಗಾಜಿನ ಜಾಡಿಯಲ್ಲಿ ಪುಡಿ ಹಾಕಿ ಕಲಕಿದಾಗ ಆಚೆಯಿಟ್ಟಿದ್ದ ಪತ್ರಿಕೆಯ ಅಕ್ಷರ ನೀರಿನ ಮೂಲಕ ಸ್ಪಷ್ಟವಾಗಿ ಕಂಡಿತು. ಮಾಲೀಕರು ಜಾಡಿಯನ್ನು ಕಿಟಕಿಗೆ ಹಿಡಿದು ನೋಡಿ ಇಡೀ ಕಾರ್ಖಾನೆಗೆ ಪೇಡೆ ಹಂಚಿದರು. ಲೇಬಲ್ ಕೂಡ ಅಚ್ಚಾದವು: 'ನೀರಿನಲ್ಲಿ ಪೂರ್ತಿ ಕರಗುತ್ತದೆ'.

ನಾರಾಯಣಖೇಡದ ಪಶುವೈದ್ಯೆ ನಮ್ಮ ಪರೀಕ್ಷೆಯ ಉಸ್ತುವಾರಿ ಒಪ್ಪಿಕೊಂಡಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಅವರ ಆವರಣದ ನಲ್ಲಿಯ ನೀರಿನಲ್ಲಿ ಪುಡಿ ಸೊಗಸಾಗಿ ಕರಗಿತು. ಅನುಮತಿ ಪತ್ರಗಳು ಬಂದ ಮೇಲೆ ಅವರು, ಮಾಲೀಕರು, ನಾನು ಮೂವರೂ ಬಶೀರಾಬಾದಿಗೆ ಹೊರಟೆವು. ಅವ್ವನ ಹಿಂಡಿನಿಂದಲೇ ಶುರು ಮಾಡಬೇಕೆಂಬುದು ನನ್ನ ಹಟ.

ಅವ್ವ ದೋಣಿಯನ್ನು ತಿಕ್ಕಿ ತೊಳೆದು ಬೋರಿನ ನೀರು ತುಂಬಿಸಿದ್ದರು. ನೋಡಲು ಓಣಿಯ ಅರ್ಧ ಜನ ಸೇರಿದ್ದರು. ನಾನು ಪುಡಿ ಸುರಿದೆ, ಕೋಲಿನಿಂದ ಕಲಕಿದೆ. ನೀರು ಗಾಜಿನಂತೆ ತಿಳಿಯಾಗಿತ್ತು. ಮಾಲೀಕರು ಜನರ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ದೋಣಿಯ ಒಂದು ತುದಿಯಲ್ಲಿ ಹೊಗೆಯಂಥ ಬಿಳಿ ಎದ್ದಿತು. ನೋಡುತ್ತಿದ್ದಂತೆ ಅದು ಹರಡಿ, ಇಡೀ ನೀರು ಬೆಳ್ಳಗಾಗಿ, ತಳದಲ್ಲಿ ಪದರ ಕಟ್ಟತೊಡಗಿತು.

"ಮಜ್ಜಿಗಿ ಆತಲ್ರಿ!" ಅಂದರು ಅವ್ವ.

ಓಣಿಯೆಲ್ಲ ಗೊಳ್ಳೆಂದು ನಕ್ಕಿತು. ಯಾರೋ ತೆಲುಗಿನಲ್ಲಿ ಉಪ್ಪು, ಕರಿಬೇವು ತರಲು ಕೂಗಿದರು. ಪಶುವೈದ್ಯೆ ಮಾತ್ರ ನಗಲಿಲ್ಲ. ಬೆರಳದ್ದಿ ತಳದ ಪದರವನ್ನು ಉಜ್ಜಿ ನೋಡಿ, "ಇದನ್ನ ಕುಡಿಸೋದು ಬ್ಯಾಡ್ರಿ," ಅಂದು ದೋಣಿಯ ಬಿರಡೆ ಕಿತ್ತರು. ನನ್ನ ಐದು ತಿಂಗಳು ಬಸಿದು ಗುಂಡಿಗೆ ಹೋಯಿತು.

ಕಾರಣ ತಿಳಿಯಲು ಜಾಣತನ ಬೇಕಿರಲಿಲ್ಲ. ತಾಂಡೂರು, ಬಶೀರಾಬಾದಿನ ನೆಲದ ಕೆಳಗೆಲ್ಲ ಸುಣ್ಣದ ಕಲ್ಲು. ಆ ಕಲ್ಲಿನ ಸಂದಿಯಿಂದ ಬರುವ ಬೋರಿನ ನೀರು ಗಡಸು, ಕ್ಷಾರ. ನಾನು ಹಾಕಿದ ಹುಳಿಯನ್ನೆಲ್ಲ ಅದು ಕ್ಷಣದಲ್ಲಿ ನುಂಗಿಬಿಟ್ಟಿತ್ತು. ಹುಳಿ ಹೋದ ಕೂಡಲೇ ಔಷಧ ತನ್ನ ಹಳೆಯ ಹಟಕ್ಕೆ ಮರಳಿತ್ತು. ಸಿರ್ಗಾಪುರದ ರೈತರ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಒಂದೂರಿನ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ಇನ್ನೊಂದೂರಿನಲ್ಲಿ ಬೇಯುವುದೇ ಇಲ್ಲ ಎಂದು ಚಿಕ್ಕಂದಿನಿಂದ ಕೇಳಿದವಳು. ಆದರೂ ಐದು ತಿಂಗಳು ಭಟ್ಟಿ ಇಳಿಸಿದ ಶುದ್ಧ ನೀರಿನಲ್ಲೇ ಪರೀಕ್ಷೆ ಮಾಡುತ್ತ ಕೂತಿದ್ದೆ. ಯಾವ ಕುರಿಯೂ ಆ ನೀರು ಕುಡಿಯುವುದಿಲ್ಲ.

ಹೊರಡುವಾಗ ಅವ್ವನ ಹತ್ತಿರ ಎರಡು ಖಾಲಿ ಎಣ್ಣೆ ಡಬ್ಬ ಕೇಳಿದೆ.

"ಯಾಕ?"

"ನಿಮ್ಮ ಬೋರಿನ ನೀರು ಒಯ್ಯಾಕ."

"ಜಹೀರಾಬಾದಿನ್ಯಾಗ ನೀರಿಲ್ಲೇನು?" ಎನ್ನುತ್ತಲೇ ತೊಳೆದು ತುಂಬಿಸಿಕೊಟ್ಟರು.

ವಾಪಸು ಬರುವ ದಾರಿಯಲ್ಲಿ ಇನ್ನೂ ಹುಳಿ ಹೆಚ್ಚಿಸಿದರೆ ಆದೀತೇ ಎಂದು ಲೆಕ್ಕ ಹಾಕಿದೆ. ಈ ನೀರನ್ನು ಸೋಲಿಸುವಷ್ಟು ಹುಳಿ ಹಾಕಿದರೆ ಕುರಿ ಮೂಸಿಯೂ ನೋಡದು. ಪ್ರತಿ ಊರಿಗೆ ಬೇರೆ ಪ್ರಮಾಣ ಬರೆಯಬಹುದಿತ್ತು. ರೈತ ಮೊದಲು ನೀರು ಪರೀಕ್ಷೆ ಮಾಡಿಸಿ ಬರಲಿ ಎನ್ನಬಹುದಿತ್ತು. ಎರಡೂ ಸುಳ್ಳು ದಾರಿ. ಮರುದಿನ ಬೆಳಗ್ಗೆ ಮಾಲೀಕರ ಮುಂದೆ ನಿಂತು, "ಸರ್, ಹುಳಿ ಪುಡಿ ಬಿಡೋಣು. ಪೂರಾ ಬಿಡೋಣು. ಬ್ಯಾರೆ ದಾರಿ ಹುಡುಕ್ತೀನಿ," ಅಂದೆ.

ಅವರು ಮೂಲೆಯಲ್ಲಿದ್ದ ಲೇಬಲ್ ಸುರುಳಿಗಳನ್ನು ನೋಡಿದರು. ನನ್ನನ್ನು ನೋಡಿದರು. "ಲೇಬಲ್ ಮ್ಯಾಲ ಏನಂತ ಬರದೀವಿ?"

"ಪೂರ್ತಿ ಕರಗತದ ಅಂತ."

"ಯಾವ ನೀರಾಗ ಅಂತ ಬರದೀವೇನು?"

"ಇಲ್ರಿ."

"ಅಂದ್ರ ಎಲ್ಲಾ ನೀರಾಗೂ ಕರಗಬೇಕು. ಲೇಬಲ್ ಇರ್ಲಿ. ಪುಡಿ ಬದಲ ಮಾಡು. ಮುಂದಿನ ಮಳಿ ಬೀಳೂದರೊಳಗ ಆದ್ರ ಅವ್ವನ ಕುರಿಗಿ ಉಪಯೋಗ ಆಗತದ, ಆಮ್ಯಾಲ ಆದ್ರ ನಮ್ಮ ಕಡತಕ್ಕ ಉಪಯೋಗ ಆಗತದ."

ಅಂದೇ ನನ್ನ ಪ್ರಯೋಗಾಲಯದಿಂದ ಶುದ್ಧ ನೀರಿನ ಕ್ಯಾನು ಹೊರಗೆ ಹೋಯಿತು. ಕಿಟಕಿಯ ಕಟ್ಟೆಯ ಮೇಲೆ ನಾಲ್ಕು ಎತ್ತರದ ಗಾಜಿನ ಜಾಡಿ ಇಟ್ಟು ಚೀಟಿ ಅಂಟಿಸಿದೆ: ಜಹೀರಾಬಾದ್, ನಾರಾಯಣಖೇಡ, ಸಿರ್ಗಾಪುರ, ತಾಂಡೂರು. ತಾಂಡೂರಿನ ಜಾಡಿಯಲ್ಲಿ ಅವ್ವನ ಬೋರಿನ ನೀರು. ನಾಲ್ಕರಲ್ಲೂ ಬೆಳಗ್ಗೆ ಪುಡಿ ಹಾಕುವುದು, ಸಂಜೆವರೆಗೆ ಕಾಯುವುದು, ಮೇಲಿನಿಂದ, ನಡುವಿನಿಂದ, ತಳದಿಂದ ಬೇರೆಬೇರೆಯಾಗಿ ನೀರು ತೆಗೆದು ಸೂಕ್ಷ್ಮ ಜಾಲರಿಯಲ್ಲಿ ಸೋಸಿ, ಪ್ರತಿಯೊಂದರಲ್ಲೂ ಔಷಧ ಎಷ್ಟಿದೆ ಎಂದು ಯಂತ್ರದಲ್ಲಿ ಅಳೆಯುವುದು. ಮೂರು ಜಾಡಿ ಸುಲಭಕ್ಕೆ ಒಪ್ಪುತ್ತಿದ್ದವು. ತಾಂಡೂರಿನದು ಕಠಿಣ ಪರೀಕ್ಷಕನಂತೆ ಮತ್ತೆ ಮತ್ತೆ ಫೇಲು ಮಾಡುತ್ತಿತ್ತು.

ಹೊಸ ದಾರಿ ಎಂದರೆ ಅರೆಯುವುದು. ಔಷಧವನ್ನು ನೀರಿಗೆ ಒಗ್ಗುವ ಒಂದು ಅಂಟಿನ ಜತೆ ಒಣದಾಗಿಯೇ, ಬಹಳ ಹೊತ್ತು ಅರೆದರೆ ಔಷಧದ ಹರಳು ಮುರಿದು ಅಂಟಿನೊಳಗೆ ಸಿಕ್ಕಿಕೊಳ್ಳುತ್ತದೆ. ಅಂಟು ನೀರಿಗಿಳಿಯುವಾಗ ಔಷಧವನ್ನೂ ಕೈಹಿಡಿದು ಕರೆದೊಯ್ಯುತ್ತದೆ. ಹುಳಿಯ ಮಾತೇ ಇಲ್ಲ, ಆದ್ದರಿಂದ ಸುಣ್ಣದ ನೀರಿಗೆ ಕಿತ್ತುಕೊಳ್ಳಲು ಏನೂ ಸಿಗದು. ಹೀಗೆಂದು ಓದಿದ್ದೆ. ಮೊದಲು ತಂದ ಕೃತಕ ಅಂಟು ಗಾಳಿಯ ತೇವ ಹೀರಿ ಹಲ್ವಾದಂತಾಯಿತು. ಆಮೇಲೆ ದಿಂಡುಗ ಮರದ ಅಂಟು ಹಿಡಿದೆ. ಇನ್ನೊಂದು ಔಷಧಕ್ಕೆಂದು ನಮ್ಮ ಗೋದಾಮಿನಲ್ಲಿ ಚೀಲಗಟ್ಟಲೆ ಇತ್ತು.

ಅರೆಯುವ ಯಂತ್ರ ಎಂದರೆ ಉಕ್ಕಿನ ಗುಂಡು ತುಂಬಿದ ಒಂದು ತಿರುಗುವ ಪೀಪಾಯಿ. ಅದರ ಒಡೆಯ, ಕಾಗದದಲ್ಲಿ ಅಲ್ಲದಿದ್ದರೂ ನಿಜದಲ್ಲಿ, ನಮ್ಮ ಚಾಚಾ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದ ಹಿರಿಯ ಆಪರೇಟರ್. ಯಂತ್ರದ ಜತೆ ದಖನಿ ಉರ್ದುವಿನಲ್ಲಿ, ನನ್ನ ಜತೆ ಕನ್ನಡದಲ್ಲಿ ಮಾತಾಡುತ್ತಿದ್ದರು.

ಮೊದಲ ಸಲ ಒಂದೇ ಸಮನೆ ನಾಲ್ಕು ಗಂಟೆ ಅರೆಸಿದೆ. ಮುಚ್ಚಳ ತೆಗೆದರೆ ಒಳಗೆ ಪುಡಿಯೇ ಇಲ್ಲ. ಬಿಸಿಗೆ ಅಂಟು ಮೆತ್ತಗಾಗಿ, ಗುಂಡುಗಳೆಲ್ಲ ಸೇರಿ ಪೀಪಾಯಿಯ ಗೋಡೆಗೆ ರೊಟ್ಟಿಯಂತೆ ಬಡಿದುಕೊಂಡಿದ್ದವು. ಅದನ್ನು ಕೆರೆದು ತೆಗೆಯಲು ಚಾಚಾಗೆ ಎರಡು ದಿನ ಹಿಡಿಯಿತು. ಎರಡನೆಯ ಸಲವೂ ಅದೇ. ಮೂರನೆಯ ಸಲಕ್ಕೆ ಹೊರಟಾಗ ಅವರು ಯಂತ್ರದ ಸ್ವಿಚ್ಚಿಗೆ ಕೈ ಅಡ್ಡ ಇಟ್ಟರು.

"ಬೇಟಿ, ನೀನು ಗಡಿಯಾರ ನೋಡ್ತಿ. ನಾನು ಆವಾಜ್ ಕೇಳ್ತೀನಿ. ಒಂದು ಸಲ ನನ್ನ ಮಾತು ಕೇಳ್ತೀಯೇನು?"

"ಹೇಳ್ರಿ ಚಾಚಾ."

"ಗುಂಡು ಖಣ ಖಣ ಅಂತಾವಲ್ಲ, ಅಲ್ಲೀತನಕ ಮಾಲು ಪುಡಿ ಅದ ಅಂತ ತಿಳಿ. ಆವಾಜ್ ಧಪ್ ಧಪ್ ಆತಂದ್ರ ಒಳಗ ಮುದ್ದಿ ಕಟ್ಲಾಕತ್ತದ. ಎರಡು ಸಲಾನೂ ಇಪ್ಪತ್ತೈದು ನಿಮಿಷಕ್ಕ ಆವಾಜ್ ಬದಲಾತು. ನಾನು ಹೇಳಬೇಕಂದೆ, ನೀನು ಕಾಗದದಾಗ ಮುಳುಗಿದ್ದಿ."

ಕಾಗದ ಮಡಚಿಟ್ಟೆ. ಅಂಟನ್ನು ಮೊದಲು ಒಣಗಿಸುವ ಬಿಸಿ ಪೆಟ್ಟಿಗೆಯಲ್ಲಿಟ್ಟು ತೇವ ಪೂರ್ತಿ ತೆಗೆದೆವು. ಬೇಸಿಗೆ ಏರುತ್ತಿತ್ತು, ಅದಕ್ಕೆ ಬೆಳಗ್ಗೆ ಆರಕ್ಕೆ, ಕಬ್ಬಿಣದ ಮೈ ತಂಪಾಗಿರುವಾಗಲೇ ಶುರು ಮಾಡಿದೆವು. ಇಪ್ಪತ್ತು ನಿಮಿಷ ಅರೆಯುವುದು, ನಿಲ್ಲಿಸುವುದು, ಒದ್ದೆ ಗೋಣಿ ಹೊದಿಸಿ ಪೀಪಾಯಿಗೆ ಆರಲು ಬಿಡುವುದು, ಮತ್ತೆ ಅರೆಯುವುದು. ಚಾಚಾ ಮೋಡ ನೋಡುವವರಂತೆ ಕಣ್ಣು ಸಣ್ಣ ಮಾಡಿ ಪೀಪಾಯಿಯ ಪಕ್ಕ ಕಿವಿಗೊಟ್ಟು ಕೂರುತ್ತಿದ್ದರು. ಸಂಜೆ ಮುಚ್ಚಳ ತೆಗೆದಾಗ ಒಳಗೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನಯವಾದ, ಕೆನೆ ಬಣ್ಣದ ಪುಡಿ. ಚಾಚಾ ಚಿಟಿಕೆ ತೆಗೆದು ಬೆರಳ ನಡುವೆ ಉಜ್ಜಿ, "ಮಲಮಲ್ ಬಟ್ಟಿ ಇದ್ದಂಗ!" ಅಂದರು.

ಅದೂ ಒಂದೇ ಸಲಕ್ಕೆ ಪಾಸಾಗಲಿಲ್ಲ. ಔಷಧ ಒಂದಕ್ಕೆ ಅಂಟು ಐದರಂತೆ ಹಾಕಿದಾಗ ತಾಂಡೂರಿನ ಜಾಡಿ ಮಧ್ಯಾಹ್ನದವರೆಗೆ ತಡೆದು ಆಮೇಲೆ ಮಂಜಾಯಿತು. ಎಂಟಕ್ಕೆ ಏರಿಸಿದೆವು, ಸಂಜೆ ತಳದಲ್ಲಿ ತೆಳು ಗೆರೆ. ಹತ್ತಕ್ಕೆ ಏರಿಸಿದ ದಿನ ನಾನು ಕಿಟಕಿಯ ಕಡೆ ನೋಡಬಾರದೆಂದು ಬೆನ್ನು ಹಾಕಿ ಕೂತೆ. ಊಟದ ಹೊತ್ತಿಗೆ ಪ್ಯಾಕಿಂಗ್ ವಿಭಾಗದ ಹೆಂಗಸರು ಒಬ್ಬೊಬ್ಬರಾಗಿ ಇಣುಕಿ ಹೋದರು. ಮೂರು ಗಂಟೆಗೆ ಮಾಲೀಕರು ಫೋನಿನ ನೆಪದಲ್ಲಿ ಬಂದರು. ಐದಕ್ಕೆ ಚಾಚಾ ಬಂದು ತಾಂಡೂರಿನ ಜಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ತಳವನ್ನೇ ದಿಟ್ಟಿಸಿದರು.

"ಬೇಟಿ, ನನ್ನ ಕಣ್ಣಾಗ ಮೋತಿಬಿಂದು, ಪೊರಿ ಬಂದದ. ನೀ ನೋಡು. ತಳದಾಗ ಏನರೆ ಅದ ಏನು?"

ನೋಡಿದೆ. ತೆಳು ಜೇನಿನ ಬಣ್ಣದ ನೀರು, ತಳ ಖಾಲಿ. ಮೇಲಿನ, ನಡುವಿನ, ತಳದ ನೀರನ್ನು ಸೋಸಿ ಯಂತ್ರಕ್ಕೆ ಕೊಟ್ಟೆ. ಮೂರೂ ಅಂಕಿಗಳು ಒಂದೇ ತಾಯಿಯ ಮಕ್ಕಳಂತೆ ಬಂದವು. ನನಗೆ ನಗು ತಡೆಯಲಾಗಲಿಲ್ಲ. ಚಾಚಾ ನನ್ನ ತಲೆಯ ಮೇಲೆ ಕೈಯಿಟ್ಟು, ಕೈಗೆ ಹತ್ತಿದ್ದ ಅಂಟಿನ ಪುಡಿಯನ್ನೆಲ್ಲ ಕೂದಲಿಗೆ ಬಳಿದರು. ಅದನ್ನು ತೊಳೆಯಲು ಹೋಗಿ ಅದು ಎಷ್ಟು ಚೆನ್ನಾಗಿ ಕರಗುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ ಸಿಕ್ಕಿತು.

ಹೊಸ ಮಿಶ್ರಣಕ್ಕೆ ಮತ್ತೆ ಅನುಮತಿ ಪಡೆದು, ಮಳೆಗೆ ಇನ್ನೂ ಕೆಲವು ವಾರ ಇರುವಾಗ ಬಶೀರಾಬಾದಿಗೆ ಹೋದೆವು. ಈ ಸಲ ಓಣಿಯ ಜನ ನಮಗಿಂತ ಮೊದಲೇ ಬಂದು ಒಳ್ಳೆ ಜಾಗ ಹಿಡಿದಿದ್ದರು. ಪಶುವೈದ್ಯೆ ಮೊದಲು ಪ್ರತಿ ಕುರಿ, ಆಡಿನ ಹಿಕ್ಕಿ ತೆಗೆದು ಚೀಟಿ ಹಚ್ಚಿದರು. ಗಬ್ಬದ ಕುರಿ, ಆಡುಗಳಿಗೆ ಈ ಔಷಧ ಒಳ್ಳೆಯದಲ್ಲ; ಅವುಗಳ ಕೊಂಬಿಗೆ, ಬೆನ್ನಿಗೆ ಕೆಂಪು ಬಣ್ಣ ಹಚ್ಚಿ ಬೇರೆ ಕಟ್ಟಿಸಿದರು. ಆಮೇಲೆ ದೊಡ್ಡಿಯಲ್ಲೇ ಮೇಜು ಹಾಕಿ ಸೂಕ್ಷ್ಮದರ್ಶಕ ಇಟ್ಟರು. ಹಿಕ್ಕಿಯನ್ನು ಗಟ್ಟಿ ಉಪ್ಪುನೀರಿನಲ್ಲಿ ಕದಡಿ ಸೋಸಿದರೆ ಹುಳದ ಮೊಟ್ಟೆಗಳು ಹಗುರಾಗಿ ಮೇಲೆ ತೇಲುತ್ತವೆ. ಗೆರೆ ಎಳೆದ ಗಾಜಿನ ಪಟ್ಟಿಗೆ ಹಾಕಿ ಎಣಿಸಬಹುದು.

"ನೋಡ್ರಿ ಅವ್ವ," ಎಂದು ಪಶುವೈದ್ಯೆ ಅವರನ್ನೇ ಮೊದಲು ಕೂರಿಸಿದರು.

ಅವ್ವ ಒಂದು ಕಣ್ಣು ಮುಚ್ಚಿಕೊಂಡು ಬಗ್ಗಿದರು. ಬಹಳ ಹೊತ್ತು ಏಳಲಿಲ್ಲ. "ಯಪ್ಪಾ! ಸಾಬುದಾಣಿ ಚೆಲ್ಲಿದಂಗ ಅದಾವಲ್ರಿ. ಇವು ಇಷ್ಟು ದಿನ ನನ್ನ ಆಡಿನ ಹೊಟ್ಯಾಗ ಸಂಸಾರ ಮಾಡ್ಲಾಕತ್ತಿದ್ದುವಾ?"

ಪುಡಿ ಸುರಿದೆ. ಈ ಸಲ ಅವ್ವನೇ ಕೋಲು ಕಸಿದುಕೊಂಡು ಕಲಕಿದರು. ಎಲ್ಲರೂ ಬಗ್ಗಿ ನೋಡಿದೆವು. ನೀರು ಜೇನು ಬಣ್ಣಕ್ಕೆ ತಿರುಗಿ ಹಾಗೇ ನಿಂತಿತು. ಐದು ನಿಮಿಷ, ಹತ್ತು ನಿಮಿಷ. ಮಜ್ಜಿಗೆ ಆಗಲಿಲ್ಲ. ಕುರಿಗಳನ್ನು ಬಿಟ್ಟರು, ಅವು ಸೊರಸೊರ ಕುಡಿದವು. ಆಮೇಲೆ ಅಳೆದು ಹೊಸ ನೀರು, ಹೊಸ ಪುಡಿ ಹಾಕಿ ಆಡುಗಳನ್ನು ಬಿಟ್ಟರು.

ಆಡುಗಳು ಬಂದವು, ಮೂಸಿದವು, ಒಂದರ ಮುಖ ಇನ್ನೊಂದು ನೋಡಿದವು. ಹಿಂದೆ ಸರಿದು ನಿಂತವು.

ನೀರಿನ ಗಡಸುತನ ಅಳೆದಿದ್ದೆ, ತಳದ ಔಷಧ ಅಳೆದಿದ್ದೆ. ಆಡಿನ ಮೂಗು ಅಳೆದಿರಲಿಲ್ಲ. ಮಾಲೀಕರು ಹಣೆ ಒತ್ತಿಕೊಂಡರು. ನಾನು ಬೆಲ್ಲ ಹಾಕೋಣವೇ ಎಂದು ಗೊಣಗಿದೆ.

"ಬೆಲ್ಲ ನಿಮಗ," ಅಂದರು ಅವ್ವ. "ಆಡಿಗಿ ಉಪ್ಪು. ಅದೂ ಈಗ ಮುಂಜಾನಿ ನೀರಡಿಕಿ ಇಲ್ಲ. ಮೇಯಸ್ಕೊಂಡು ಬರ್ತೀನಿ, ಆಮ್ಯಾಲ ನೋಡ್ರಿ."

ಉಪ್ಪು ಹಾಕಿದರೆ ಕರಗಿದ ಪುಡಿ ಮತ್ತೆ ತಳ ಕಟ್ಟೀತೇ ಎಂಬುದು ನನ್ನ ಭಯ. ಚೀಲದಲ್ಲಿ ಗಾಜಿನ ಜಾಡಿ ತಂದಿದ್ದೆ. ದೋಣಿಯ ನೀರು ತೆಗೆದು, ಅವ್ವ ಹೇಳಿದಷ್ಟು ಉಪ್ಪು ಹಾಕಿ, ಜಾಲಿ ಮರದ ನೆರಳಲ್ಲಿ ಇಟ್ಟುಕೊಂಡು ಮೂರು ತಾಸು ಕಾವಲು ಕೂತೆ. ಅಷ್ಟು ಹೊತ್ತಿನಲ್ಲಿ ಸೊಸೆ ನಮಗೆಲ್ಲ ಬಿಸಿ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. ಒಂದು ಕೈಯಲ್ಲಿ ತಿನ್ನುತ್ತ, ಕಣ್ಣು ಜಾಡಿಯ ಮೇಲೆ. ತಳ ತಿಳಿಯಾಗಿಯೇ ಉಳಿಯಿತು. ಅವ್ವ ಮೇಯಿಸಿಕೊಂಡು ಬಂದಾಗ ಆಡುಗಳು ಬಾಯಾರಿ ಓಡುತ್ತ ಬಂದವು. ದೋಣಿಗೆ ಉಪ್ಪು ಬಿದ್ದಿತ್ತು. ಮುಂದಾಳು ಆಡು ನಾಲಗೆ ತಾಗಿಸಿತು, ತಲೆ ಎತ್ತಿತು, ಮತ್ತೆ ಬಗ್ಗಿತು. ಆಮೇಲೆ ದೋಣಿಯ ಸುತ್ತ ಜಾಗ ಸಾಲಲಿಲ್ಲ. ಅವ್ವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ಎರಡು ವಾರದ ಮೇಲೆ ಮತ್ತೆ ಹಿಕ್ಕಿ, ಮತ್ತೆ ಉಪ್ಪುನೀರು, ಮತ್ತೆ ಗಾಜಿನ ಪಟ್ಟಿ. ಪಶುವೈದ್ಯೆ ಒಂದು ಪಟ್ಟಿ ನೋಡಿ ಬರೆದುಕೊಂಡರು, ಎರಡನೆಯದು ನೋಡಿ ಬರೆದುಕೊಂಡರು. ಮುಖದಲ್ಲಿ ಏನೂ ಇಲ್ಲ. ಏಳನೆಯ ಪಟ್ಟಿಯವರೆಗೂ ಹಾಗೇ. ನನಗೆ ಕೂರಲಾಗಲಿಲ್ಲ.

"ಮೇಡಂ, ಏನರೆ ಹೇಳ್ರಿ."

"ಹೇಳಾಕ ಏನರೆ ಇರಬೇಕಲ್ರಿ," ಅಂದರು. ಆಗ ಮೊದಲ ಸಲ ಅವರು ನಕ್ಕಿದ್ದನ್ನು ನೋಡಿದೆ. "ಪಟ್ಟಿ ಖಾಲಿ ಅದಾವ. ಇಲ್ಲೊಂದು, ಅಲ್ಲೊಂದು, ಅಷ್ಟೇ."

ಅವ್ವ ನಂಬಲಿಲ್ಲ. ತಾವೇ ಕೂತು ಪ್ರತಿ ಪಟ್ಟಿಯನ್ನೂ ನೋಡಿದರು. ಪ್ರತಿ ಸಲ "ಇದೂ ಇಲ್ಲ... ಇದೂ ಇಲ್ಲ..." ಎಂದು ಜೋರಾಗಿ ಹೇಳಿದರು, ಓಣಿಯ ಜನ ಹೊರಗಿನಿಂದ ದನಿಗೂಡಿಸಿದರು. ಆಮೇಲೆ ಎದ್ದು ಒಂದು ಆಡನ್ನು ಹಿಡಿದು, ಅದರ ಕಣ್ಣಿನ ಕೆಳರೆಪ್ಪೆ ಎಳೆದು ನನಗೆ ತೋರಿಸಿದರು. ಹುಳ ರಕ್ತ ಹೀರಿ ಎರಡು ವಾರದ ಹಿಂದೆ ಕಾಗದದಂತೆ ಬಿಳಚಿಕೊಂಡಿದ್ದ ಒಳಮೈ ಈಗ ತಿಳಿಗೆಂಪಾಗಿತ್ತು.

"ನಿಮ್ಮ ಯಂತ್ರ ಏನರೆ ಹೇಳ್ಲಿ ಯವ್ವಾ. ನಾ ಇದನ್ನ ನಂಬ್ತೀನಿ," ಅಂದರು. ಆ ಸಲದ ಮಳೆಗಾಲದಲ್ಲಿ ಅವರ ದೊಡ್ಡಿಯಲ್ಲಿ ಹುಳಕ್ಕಾಗಲಿ ಪಿಚಕಾರಿಗಾಗಲಿ ಒಂದು ಕುರಿಯೂ ಸಾಯಲಿಲ್ಲ.

ಇನ್ನೂ ಹಲವು ಹಿಂಡುಗಳ ಮೇಲೆ ಪರೀಕ್ಷೆ ನಡೆಸಿ, ಪರವಾನಗಿ ಕೈಗೆ ಬರಲು ಮತ್ತೊಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು. ಮೊದಲ ಮಾಲು ಹೊರಟ ದಿನ ಚಾಚಾ ನಿವೃತ್ತಿಯಾಗಿ ಒಂದು ವಾರವಾಗಿತ್ತು. ಆದರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದು ಲಾರಿ ಗೇಟು ದಾಟುವವರೆಗೆ ನಿಂತಿದ್ದರು.

ಅದಾದ ಎರಡು ವಾರಕ್ಕೆ ಸಿರ್ಗಾಪುರದ ಮನೆಗೆ ಹೋಗಲು ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆ. ಬಸ್ಸಿಗೆ ಹೊತ್ತಿತ್ತು. ಎದುರಿಗೆ ಬೇರೆ ಯಾರದೋ ದನದ ಔಷಧದ ಅಂಗಡಿ. ಕಪಾಟಿನಲ್ಲಿ ನಮ್ಮ ಪೊಟ್ಟಣಗಳ ಸಾಲು ಕಂಡಿತು. ಕಾಲು ತಾನಾಗಿ ಆ ಕಡೆ ಹೋಯಿತು. ಅಂಗಡಿಯವರಿಗೆ ನನ್ನ ಗುರುತಿಲ್ಲ.

"ಅದೊಂದು ಕೊಡ್ರಿ," ಅಂದೆ.

"ಹೊಸಾದು ಬಂದದ ಅಕ್ಕಾ. ಹೆಂಗ ಉಪಯೋಗ ಮಾಡೂದು ಗೊತ್ತದನು?"

"ಹೇಳ್ರಿ."

ಅವರು ಪೊಟ್ಟಣ ಕೈಯಲ್ಲಿ ಹಿಡಿದು ಉತ್ಸಾಹದಿಂದ ಶುರು ಮಾಡಿದರು. ಮೊದಲು ಬಕೇಟಿನಲ್ಲಿ ಕಲಸಬೇಕು, ಆಮೇಲೆ ದೋಣಿಗೆ. ಎಂಥ ಗಡಸು ನೀರಾದರೂ ನಡೆಯುತ್ತದೆ. ಗಬ್ಬದವನ್ನು ಬೇರೆ ಕಟ್ಟಬೇಕು. ಆಡು ಇದ್ದರೆ ಒಂದು ಹಿಡಿ ಉಪ್ಪು, ಮೇಯಿಸಿಕೊಂಡು ಬಂದ ಮೇಲೆ. ಒಂದೂ ತಪ್ಪಿಲ್ಲದೆ ಎಲ್ಲ ಹೇಳಿದರು. ನಾನು ಒಂದೊಂದಕ್ಕೂ ತಲೆಯಾಡಿಸುತ್ತ, ಹಿಂದೆಂದೂ ಕೇಳಿಯೇ ಇಲ್ಲ ಎನ್ನುವಂತೆ ಕೇಳಿದೆ. ಬಸ್ಸು ಬಂದು ಹಾರ್ನ್ ಹೊಡೆಯಿತು.

"ಎಷ್ಟು ಕುರಿ ಅದಾವ ನಿಮ್ಮ?"

"ಒಂದೂ ಇಲ್ರಿ."

"ಮತ್ತ್ಯಾಕ ಒಯ್ತೀರಿ?"

"ಮನ್ಯಾಗ ತೋರಸಾಕ," ಅಂದು ದುಡ್ಡು ಕೊಟ್ಟು, ಪೊಟ್ಟಣ ಹಿಡಿದು ಬಸ್ಸಿನ ಕಡೆ ಓಡಿದೆ.